ಧರಣಿಗೆ ಬಾರದವರು

1986ರ ಬೇಸಿಗೆ. ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೇವಿನ ಮರದ ಕಟ್ಟೆಯ ಮೇಲೆ ಕುಳಿತು ನಾವು ಪ್ರಶ್ನಾವಳಿಯ ಹಾಳೆಗಳನ್ನು ತುಂಬುತ್ತಿದ್ದೆವು. ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ ಎರಡು ವರ್ಷವಾಗಿತ್ತು. ಗುಲಬರ್ಗಾ ಜಿಲ್ಲೆಯ ಸಾಮಾಜಿಕ ಚಳವಳಿಗಳು ನಮ್ಮ ವಿಷಯ. ಕಾಲೇಜಿಗೆ ರಜೆ ಬಿದ್ದ ಕೂಡಲೇ ಆಳಂದ, ಅಫಜಲಪುರ, ಜೇವರ್ಗಿ ಎಂದು ಕೆಂಪು ಬಸ್ಸು ಹತ್ತಿಬಿಡುತ್ತಿದ್ದೆವು. ಹಾಳೆಯಲ್ಲಿ ಹದಿನಾಲ್ಕನೆಯ ಪ್ರಶ್ನೆ ಹೀಗಿತ್ತು: ಕಳೆದ ಐದು ವರ್ಷಗಳಲ್ಲಿ ನೀವು ಯಾವುದಾದರೂ ಧರಣಿ, ಮೆರವಣಿಗೆ ಅಥವಾ ರಸ್ತೆ ತಡೆಯಲ್ಲಿ ಭಾಗವಹಿಸಿದ್ದೀರಾ?

ಆ ಪ್ರಶ್ನೆಯನ್ನು ಕೂಲಿ ಮಾಡುವ ಒಬ್ಬ ಹೆಣ್ಣುಮಗಳಿಗೆ ಕೇಳಿದೆವು. ವಯಸ್ಸು ನಲವತ್ತು ಇರಬಹುದು. ಪಕ್ಕದಲ್ಲಿ ಹಳೇ ಸೀರೆಯಲ್ಲಿ ಕಟ್ಟಿದ ಗಂಟು ಇತ್ತು.

"ಇಲ್ರಿ ಸಾಹೇಬ್ರ. ಧರಣಿ ಕುಂತ್ರ ದಿನದ ಕೂಲಿ ಯಾರ ಕೊಡ್ತಾರ? ನಾವು ನಾಳಿ ಬಂಬೈಕ ಹೊಂಟೀವಿ" ಎಂದಳು.

ನಾವು 'ಇಲ್ಲ' ಎಂಬ ಕಡೆ ಗುರುತು ಹಾಕಿ ಹಾಳೆ ತಿರುವಿದೆವು. ಅವಳು ಏಳುತ್ತಾ ಇನ್ನೊಂದು ಮಾತು ಕೇಳಿದಳು: "ನಮ್ಮದೆಲ್ಲಾ ಬರಕೊಂಡ ಹೋಗ್ತೀರಿ. ಏನ ಬರದೀರಿ ಅಂತ ಮತ್ತ ಬಂದು ಓದಿ ಹೇಳ್ತೀರೇನು?"

ಹೇಳುತ್ತೇವೆ ಎಂದೆವು. ಹಾಗೆ ಹೇಳುವುದು ನಮಗೆ ರೂಢಿಯಾಗಿತ್ತು. ಇದನ್ನು ಈಗ ಓದುಗರ ಮುಂದೆ ಇಡುತ್ತಿರುವುದಕ್ಕೆ ಕಾರಣವಿದೆ. ಆ ಎರಡು ಮಾತುಗಳ ತೂಕ ತಿಳಿಯಲು ನಮಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ನಾವು ಸಮಾಜಶಾಸ್ತ್ರಕ್ಕೆ ಬಂದದ್ದು ಆಕಸ್ಮಿಕ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ಕಟ್ಟುವುದಿಲ್ಲ ಎಂದು ಎದ್ದಿದ್ದರು. ಹಾಸ್ಟೆಲಿನಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ಎರಡು ಬೆಳೆ ಬರುವ ಊರಿನ ಹುಡುಗರು ಸಿಟ್ಟಿನಿಂದ ಮಾತಾಡುತ್ತಿದ್ದರು. ಆಳಂದದ ಕಡೆಯಿಂದ ಬಂದ ನಮಗೆ ಮಾತ್ರ ಒಂದು ಸಂಶಯ ಕಾಡಿತು. ನೀರು ಬಂದ ನೆಲದಲ್ಲಿ ಜನ ಎದ್ದಿದ್ದಾರೆ. ಕಾಲುವೆಯ ಮುಖವನ್ನೇ ಕಾಣದ ನಮ್ಮ ನೆಲದಲ್ಲಿ ಯಾಕೆ ಎಲ್ಲರೂ ಸುಮ್ಮನಿದ್ದಾರೆ?

ಈ ಪ್ರಶ್ನೆಯನ್ನು ನಮ್ಮ ಗುರುಗಳ ಮುಂದಿಟ್ಟಾಗ ಅವರು ಉತ್ತರ ಹೇಳಲಿಲ್ಲ. ಕಪಾಟಿನಿಂದ ಒಂದು ಪುಸ್ತಕ ತೆಗೆದು ಕೊಟ್ಟರು. ಎಂ.ಎಸ್.ಎ. ರಾವ್ ಅವರು ಎರಡು ಹಿಂದುಳಿದ ವರ್ಗಗಳ ಚಳವಳಿ ಕುರಿತು ಬರೆದು 1979ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಅದು.

ಮಧುಗಿರಿ ಶಾಮರಾವ್ ಅನಂತಪದ್ಮನಾಭ ರಾವ್ ಎಂಬುದು ಅವರ ಪೂರ್ಣ ಹೆಸರು. ಮಧುಗಿರಿ ಎಂದರೆ ನಮ್ಮ ತುಮಕೂರು ಸೀಮೆಯ ಮಧುಗಿರಿಯೇ. 1926ರಲ್ಲಿ ಹುಟ್ಟಿದವರು. ಮುಂಬೈಯಲ್ಲಿ ಘುರ್ಯೆ ಅವರ ಶಿಷ್ಯರಾಗಿ ಕಲಿತು, ಮುಂದೆ ದೆಹಲಿ ವಿಶ್ವವಿದ್ಯಾಲಯದಲ್ಲಿ ನಮ್ಮವರೇ ಆದ ಎಂ.ಎನ್. ಶ್ರೀನಿವಾಸ್ ಕಟ್ಟಿದ ವಿಭಾಗದಲ್ಲಿ ಪಾಠ ಹೇಳಿದರು. 1957ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಮಲಬಾರಿನ ಸಾಮಾಜಿಕ ಬದಲಾವಣೆ ಕುರಿತದ್ದು. 1970ರಲ್ಲಿ ಬಂದದ್ದು ದೆಹಲಿ ಅಂಚಿನ ಒಂದು ಹಳ್ಳಿಯನ್ನು ನಗರ ನುಂಗುತ್ತಿದ್ದ ಬಗೆ ಕುರಿತದ್ದು. ಅಲ್ಲಿಂದ ಅವರು ಚಳವಳಿಗಳ ಕಡೆ ತಿರುಗಿದರು. 1978 ಮತ್ತು 79ರಲ್ಲಿ ಅವರ ಸಂಪಾದಕತ್ವದಲ್ಲಿ ಭಾರತದ ಸಾಮಾಜಿಕ ಚಳವಳಿಗಳ ಬಗ್ಗೆ ಎರಡು ಸಂಪುಟಗಳು ಬಂದವು. ಒಂದರಲ್ಲಿ ರೈತರು, ಹಿಂದುಳಿದ ವರ್ಗದವರು. ಇನ್ನೊಂದರಲ್ಲಿ ಪಂಥಗಳು, ಆದಿವಾಸಿಗಳು, ಮಹಿಳೆಯರು. ಅಲ್ಲಿಯವರೆಗೆ ನಮ್ಮ ಸಮಾಜಶಾಸ್ತ್ರ ಹೆಚ್ಚಾಗಿ ಜಾತಿ, ಕುಟುಂಬ, ಹಳ್ಳಿ ಎಂದು ನಿಂತ ನೀರನ್ನೇ ಅಳೆಯುತ್ತಿತ್ತು. ಜನ ಒಟ್ಟುಗೂಡಿ ಏಳುವುದೂ ಅಧ್ಯಯನದ ವಸ್ತು ಎಂದು ತರಗತಿಯೊಳಗೆ ತಂದವರಲ್ಲಿ ರಾವ್ ಮುಖ್ಯರು. 1985ರಲ್ಲಿ ತೀರಿಕೊಂಡರು. ಅರವತ್ತೂ ತುಂಬಿರಲಿಲ್ಲ. ಅವರನ್ನು ಒಮ್ಮೆ ಕಾಣಬೇಕೆಂಬ ನಮ್ಮ ಆಸೆ ಹಾಗೇ ಉಳಿಯಿತು.

1979ರ ಆ ಗ್ರಂಥದಲ್ಲಿ ಅವರು ಎರಡು ಚಳವಳಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನಾರಾಯಣ ಗುರುಗಳ ಹೆಸರಿನಲ್ಲಿ 1903ರಲ್ಲಿ ಶುರುವಾದ ಕೇರಳದ ಎಸ್‌ಎನ್‌ಡಿಪಿ ಯೋಗಂ ಒಂದು. ಉತ್ತರ ಭಾರತದಲ್ಲಿ ಬೆಳೆದ ಯಾದವರ ಚಳವಳಿ ಇನ್ನೊಂದು. ಅವರ ವಾದವನ್ನು ಸರಳವಾಗಿ ಹೇಳಬಹುದು. ಕಷ್ಟ ಇದ್ದ ಮಾತ್ರಕ್ಕೆ ಚಳವಳಿ ಹುಟ್ಟುವುದಿಲ್ಲ. ಪಕ್ಕದವನಿಗೆ ಸಿಕ್ಕದ್ದು ತನಗೆ ಸಿಗಲಿಲ್ಲ, ಸಿಗಬೇಕಾದದ್ದು ನ್ಯಾಯ ಎಂದು ಮನುಷ್ಯನಿಗೆ ಹೋಲಿಕೆ ಹೊಳೆಯಬೇಕು. ಆ ಹೋಲಿಕೆಯ ನೋವಿಗೆ ಒಂದು ವಿಚಾರ ಬೇಕು, ಮುಂದೆ ನಿಲ್ಲುವವರು ಬೇಕು, ಜನರನ್ನು ಕೂಡಿಸುವ ಬಗೆ ಬೇಕು. ಯಾರ ವಿರುದ್ಧ ಎಂಬುದೂ ಸ್ಪಷ್ಟವಾಗಬೇಕು.

ಓದಿದ ಮೇಲೆ ನವಲಗುಂದ ನಮಗೆ ಬೇರೆಯಾಗಿ ಕಂಡಿತು. ಕಾಲುವೆ ಬಂದದ್ದರಿಂದಲೇ ಅಲ್ಲಿನ ರೈತನಿಗೆ ಸರಕಾರದ ಲೆಕ್ಕ ತಿಳಿಯಿತು. ಕೊಟ್ಟ ಮಾತು, ತಲುಪಿದ ನೀರು, ಕೇಳಿದ ಕರ ಮೂರನ್ನೂ ಅವನು ತೂಗಿ ನೋಡಬಲ್ಲವನಾಗಿದ್ದ. ನಮ್ಮ ಕಡೆಯವನ ತಕ್ಕಡಿಯಲ್ಲಿ ಇಡಲು ಏನೂ ಇರಲಿಲ್ಲ.

ಈ ಪುಸ್ತಕ ಬಗಲಲ್ಲಿಟ್ಟುಕೊಂಡು ಮೂರು ತಾಲ್ಲೂಕುಗಳನ್ನು ತಿರುಗಿದೆವು. ಹೋಲಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಆಳಂದದವರ ಮುಖ ಸೊಲ್ಲಾಪುರದ ಕಡೆ. ಸಂತೆ, ಆಸ್ಪತ್ರೆ, ಮಗ್ಗದ ಕೆಲಸ, ಬೀಗರು ಎಲ್ಲ ಅಲ್ಲಿ. ಗಡಿಯ ಆ ಬದಿಯಲ್ಲಿ ರಸ್ತೆ ಹೇಗಿದೆ, ಕಬ್ಬಿಗೆ ದರ ಎಷ್ಟು ಎಂಬುದು ಅವರಿಗೆ ಬಾಯಿಪಾಠ. ಅಫಜಲಪುರದವರ ಲೆಕ್ಕ ಭೀಮಾ ನದಿಯದು. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು. ಬೇಸಿಗೆಯಲ್ಲಿ ನದಿ ಒಣಗಿದರೆ ನೀರು ಬಿಡಿಸಿ ಎಂದು ಧರಣಿ. ಮಳೆಗಾಲದಲ್ಲಿ ಮೇಲಿನವರು ಒಮ್ಮೆಲೇ ಬಿಟ್ಟರೆ ಪ್ರವಾಹ. 2020ರ ಅಕ್ಟೋಬರಿನಲ್ಲಿ ಭೀಮಾ ದಂಡೆಯ ಹಳ್ಳಿಗಳು ಮುಳುಗಿದಾಗ ಗಂಜಿ ಕೇಂದ್ರದಲ್ಲಿ ಕುಳಿತ ಒಬ್ಬ ಹಿರಿಯರು ನಮಗೆ ಅಂದರು: "ಬ್ಯಾಡಂದಾಗ ಕೊಡ್ತಾರ, ಬೇಕಂದಾಗ ಹಿಡಿತಾರ." ಜೇವರ್ಗಿಯವರ ಕಣ್ಣು ಕೃಷ್ಣೆಯ ಕಾಲುವೆಯ ಮೇಲೆ. ನಾರಾಯಣಪುರದ ನೀರು ಪಕ್ಕದ ಶಹಾಪುರದಲ್ಲಿ ಭತ್ತ ಬೆಳೆಸಿದ್ದನ್ನು ಅವರು ಬಸ್ಸಿನ ಕಿಟಕಿಯಿಂದ ನೋಡುತ್ತಾ ಬಂದವರು. ತಮ್ಮ ಕಡೆ ಕಾಲುವೆ ಬಂದಲ್ಲಿಯೂ ಕೊನೆಯ ಹೊಲಕ್ಕೆ ನೀರು ಮುಟ್ಟುವುದು ಕಷ್ಟ. ಮಲ್ಲಾಬಾದ ಏತ ನೀರಾವರಿಗಾಗಿ ಆ ತಾಲ್ಲೂಕಿನಲ್ಲಿ ನಡೆದ ಹೋರಾಟಗಳ ಹಿಂದೆ ಈ ನೋಟವಿದೆ.

ಇಡೀ ಸೀಮೆಗೆ ಅನ್ವಯಿಸುವ ದೊಡ್ಡ ಹೋಲಿಕೆಯೂ ಒಂದಿತ್ತು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ರಾಜ್ಯದ 114 ಹಿಂದುಳಿದ ತಾಲ್ಲೂಕುಗಳನ್ನು ಅದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ನಮ್ಮ ಹೈದರಾಬಾದ್ ಕರ್ನಾಟಕದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಅಲ್ಲಿಯವರೆಗೆ 'ನಮ್ಮ ಹಣೆಬರಹ' ಎನ್ನುತ್ತಿದ್ದವರ ಬಾಯಲ್ಲಿ ಅಂಕಿಗಳು ಬಂದವು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಕೂಗಿದ 371ನೇ ಕಲಮಿನ ಬೇಡಿಕೆಗೆ ವಿದ್ಯಾರ್ಥಿಗಳೂ ದನಿಗೂಡಿಸಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು 371(ಜೆ) ಸೇರಿಸಿತು. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಅದರ ಮೀಸಲಾತಿಯಲ್ಲಿ ನೌಕರಿ ಹಿಡಿದರು. ಧರಣಿ ಕುಳಿತರೆ ಏನು ಸಿಗುತ್ತದೆ ಎಂದು ಕೇಳುವವರಿಗೆ ನಾವು ಈ ಉದಾಹರಣೆ ಕೊಡುತ್ತಿದ್ದೆವು. ರಾವ್ ಅವರ ಸಿದ್ಧಾಂತ ನಮ್ಮ ಮಣ್ಣಿನಲ್ಲೇ ನಿಜವಾಯಿತು ಎಂದು ತರಗತಿಯಲ್ಲಿ ಸ್ವಲ್ಪ ಬೀಗಿದ್ದೂ ಉಂಟು.

ಆದರೆ ಬೇವಿನ ಕಟ್ಟೆಯ ಹೆಣ್ಣುಮಗಳು ಈ ಸಿದ್ಧಾಂತದ ಹೊರಗೆ ಉಳಿದಿದ್ದಳು. ಹೋಲಿಕೆ ಅವಳಿಗೆ ಗೊತ್ತಿರಲಿಲ್ಲವೇ? ನಮಗಿಂತ ಚೆನ್ನಾಗಿ ಗೊತ್ತಿತ್ತು. ಗೌಡರ ಹೊಲದಲ್ಲಿ ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು, ಮುಂಬೈಯಲ್ಲಿ ಇಟ್ಟಿಗೆ ಹೊತ್ತರೆ ಎಷ್ಟು ಎಂದು ಅವಳು ಬೆರಳ ತುದಿಯಲ್ಲಿ ಹೇಳುತ್ತಿದ್ದಳು. ಹೋಲಿಸಿ ನೋಡಿಯೇ ಅವಳು ಗಂಟು ಕಟ್ಟಿದ್ದಳು. ತೊಗರಿ, ಜೋಳದ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವವರು ಸಾಲುಗಟ್ಟಿ ಮುಂಬೈ, ಪುಣೆಯ ಬಸ್ಸು ಹತ್ತುತ್ತಾರೆ. ಅವರು ತಹಸೀಲ್ದಾರ ಕಚೇರಿ ಮುಂದೆ ಪೆಂಡಾಲು ಹಾಕುವುದಿಲ್ಲ. ಮನವಿ ಪತ್ರ ಕೊಡುವುದಿಲ್ಲ. ಪತ್ರಿಕೆಯಲ್ಲಿ ಅವರ ಫೋಟೋ ಬರುವುದಿಲ್ಲ. ತೊಗರಿಗೆ ಬೆಲೆ ಕೊಡಿ ಎಂಬ ಹೋರಾಟ ನ್ಯಾಯವಾದದ್ದೇ. 2022ರ ಕೊನೆಯಲ್ಲಿ ನೆಟೆ ರೋಗ ಬಡಿದು ನಿಂತ ತೊಗರಿ ಒಣಗಿದಾಗ ಪರಿಹಾರಕ್ಕೆ ಕೂತವರ ಜೊತೆ ನಾವೂ ಒಂದು ದಿನ ಕೂತು ಬಂದೆವು. ಆದರೆ ಆ ತೊಗರಿ ಕೊಯ್ಯುತ್ತಿದ್ದವರಿಗೆ ಹೋದ ಕೂಲಿಯ ಪರಿಹಾರವನ್ನು ಆ ಪೆಂಡಾಲಿನಲ್ಲಿ ಯಾರೂ ಕೇಳಲಿಲ್ಲ. ನಮಗೂ ಆಗ ಹೊಳೆಯಲಿಲ್ಲ. ಬಸ್ಸಿನಲ್ಲಿ ಬರುವಾಗ ಹೊಳೆಯಿತು.

ಚಳವಳಿಯ ಒಳಗೆ ಯಾರಿದ್ದಾರೆ, ಯಾರಿಲ್ಲ ಎಂಬ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಪಟ್ಟು ಹಿಡಿದು ಕೇಳಿದವರಲ್ಲಿ ಮುಝಫ್ಫರ್ ಅಸ್ಸಾದಿ ಒಬ್ಬರು. ಮೈಸೂರು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸಿದವರು. 1980ರ ನಂತರದ ಕರ್ನಾಟಕದ ರೈತ ಚಳವಳಿ ಕುರಿತು ಅವರ ಪುಸ್ತಕ 1997ರಲ್ಲಿ ಬಂತು. ಮುಂದೆ ನಾಗರಹೊಳೆ ಕಾಡಿನಿಂದ ಎತ್ತಂಗಡಿಯಾದ ಆದಿವಾಸಿಗಳ ಸ್ಥಿತಿ ತಿಳಿಯಲು ಹೈಕೋರ್ಟ್ ನೇಮಿಸಿದ ಸಮಿತಿಯ ನೇತೃತ್ವ ವಹಿಸಿ 2014ರಲ್ಲಿ ವರದಿ ಕೊಟ್ಟರು. ಅಲ್ಲಿಯೂ ಅವರ ಕೆಲಸ ಇದ್ದದ್ದು ಮೆರವಣಿಗೆಗೆ ಬಾರದವರ ನಡುವೆ. ರಾಯಚೂರು ವಿಶ್ವವಿದ್ಯಾಲಯ ಶುರುವಾದಾಗ ವಿಶೇಷಾಧಿಕಾರಿಯಾಗಿ ನಮ್ಮ ಸೀಮೆಗೂ ಬಂದಿದ್ದರು. 2025ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿದ ದಿನ ನಮ್ಮ ಹಳೆಯ ಪ್ರಬಂಧವನ್ನು ತೆಗೆದು ನೋಡಿದೆವು. ಮುನ್ನೂರು ಪುಟಗಳಲ್ಲಿ ಗುಳೆ ಎಂಬ ಪದ ನಾಲ್ಕು ಸಲ ಬಂದಿತ್ತು. ನಾಲ್ಕೂ ಅಡಿಟಿಪ್ಪಣಿಯಲ್ಲಿ.

ಇನ್ನು ಇದಕ್ಕಿಂತ ಹೇಳಲು ಕಷ್ಟವಾದ ಮಾತು.

ತೆಲಂಗಾಣದ ರೈತರ ಸಶಸ್ತ್ರ ಹೋರಾಟದ ಬಗ್ಗೆ ಸಮಾಜಶಾಸ್ತ್ರಜ್ಞರು ಬೇಕಾದಷ್ಟು ಬರೆದಿದ್ದಾರೆ. ಧನಾಗರೆ ಅವರ 1983ರ ಗ್ರಂಥವನ್ನು ನಾವು ಪಾಠ ಮಾಡಿದ್ದೇವೆ. ಅದೇ ನಿಜಾಮ್ ಸಂಸ್ಥಾನದ ಕನ್ನಡ ಜಿಲ್ಲೆಗಳಾದ ಬೀದರ, ಗುಲಬರ್ಗಾ, ರಾಯಚೂರುಗಳಲ್ಲಿಯೂ ಸಂಸ್ಥಾನದ ವಿರುದ್ಧ ಹೋರಾಟ ನಡೆಯಿತು. ಆಳಂದ, ಅಫಜಲಪುರದ ಜನ ಗಡಿ ದಾಟಿ ಶಿಬಿರಗಳಲ್ಲಿ ಆಶ್ರಯ ಪಡೆದರು. ರಜಾಕಾರರ ಲೂಟಿ, ಬೆಂಕಿ, ಕೊಲೆಗಳನ್ನು ಕಂಡ ಹಿರಿಯರು ನಾವು ಕ್ಷೇತ್ರಕಾರ್ಯ ಮಾಡುವ ಕಾಲಕ್ಕೆ ಇನ್ನೂ ಬದುಕಿದ್ದರು. ಅವರ ಮನೆ ಜಗುಲಿಯಲ್ಲಿ ಕುಳಿತು ಚಹಾ ಕುಡಿದಿದ್ದೇವೆ. ಅವರು ಎಲ್ಲ ಹೇಳಿದರು, ಅದೊಂದನ್ನು ಬಿಟ್ಟು. ನಮ್ಮ ಹೆಸರು ಕೇಳಿದ ಮೇಲೆ ಮರ್ಯಾದೆಯಿಂದಲೇ ಮಾತು ಬೇರೆ ಕಡೆ ಹೊರಳಿಸುತ್ತಿದ್ದರು. ನಾವೂ ಬಿಡಿಸಿ ಕೇಳುತ್ತಿರಲಿಲ್ಲ.

ಕೇಳದಿರಲು ಕಾರಣ ನಮ್ಮ ಮನೆಯೊಳಗಿತ್ತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಸಂಸ್ಥಾನ ಭಾರತಕ್ಕೆ ಸೇರಿತು. ಆ ನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ನಡೆದದ್ದನ್ನು ತಿಳಿಯಲು ಕೇಂದ್ರ ಸರಕಾರವೇ ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡವನ್ನು ಕಳಿಸಿತ್ತು. ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಎಂದು ಆ ತಂಡ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ್‌ಗಳನ್ನು ಹೆಸರಿಸಿತು. ವರದಿ ಪ್ರಕಟವಾಗಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ಸಿಕ್ಕದ್ದು 2013ರ ಹೊತ್ತಿಗೆ. ಅರವತ್ತೈದು ವರ್ಷ. ನಮ್ಮ ತಾಯಿ ಅದಕ್ಕಿಂತ ಹೆಚ್ಚು ಕಾಲ ಬಾಯಿ ಬಿಡಲಿಲ್ಲ. ನಮ್ಮ ತಾತ ಎಲ್ಲಿ ಎಂದು ಚಿಕ್ಕಂದಿನಲ್ಲಿ ಕೇಳಿದರೆ, "ಗಯೇ" ಎಂದಷ್ಟೇ ಹೇಳಿ ರೊಟ್ಟಿ ತಟ್ಟುತ್ತಿದ್ದರು.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. ನಾವಾಗಲೇ ನಿವೃತ್ತರು. ಕಲಬುರಗಿಯಲ್ಲೂ ಸಭೆ, ಮೆರವಣಿಗೆಗಳು ನಡೆದವು. ನಮ್ಮ ಓಣಿಯಲ್ಲಿ ಮನೆ ಮನೆಯಲ್ಲಿ ಟ್ರಂಕು ತೆಗೆದು ಕಾಗದ ಹುಡುಕುವ ಕೆಲಸ. ಹುಟ್ಟಿದ ದಾಖಲೆ, ಹೊಲದ ಪಹಣಿ, ಶಾಲೆಯ ಟಿ.ಸಿ. ನಾವೂ ತಾಯಿಯ ಮುಂದೆ ಕುಳಿತು, ಅಮ್ಮಾ, ಊರಿನ ಮನೆಯ ಹಳೇ ಕಾಗದ ಏನಾದರೂ ಇದೆಯೇ ಎಂದೆವು. ಅವರಿಗೆ ಎಂಬತ್ತಮೂರು.

"ಕಾಗಜಾಂ ಕಾಂ ಸೆ ಲಾನಾ? ಘರಿಚ್ ಜಲ್‌ಗಯಾ ನಾ" ಎಂದರು. ಮನೆಯೇ ಸುಟ್ಟುಹೋಯಿತಲ್ಲ, ಕಾಗದ ಎಲ್ಲಿಂದ ತರುವುದು?

ಆಮೇಲೆ ಅವರೇ ಹೇಳುತ್ತಾ ಹೋದರು. ಆಗ ಅವರಿಗೆ ಹನ್ನೆರಡು ವರ್ಷ. ಪಕ್ಕದ ಮನೆಯ ಲಿಂಗಾಯತರು ಅವರನ್ನೂ ಅವರ ತಾಯಿಯನ್ನೂ ಇಬ್ಬರು ತಮ್ಮಂದಿರನ್ನೂ ದನದ ಕೊಟ್ಟಿಗೆಯಲ್ಲಿ ಕಣಿಕೆಯ ಹಿಂದೆ ಬಚ್ಚಿಟ್ಟರು. ರಾತ್ರಿ ರೊಟ್ಟಿ, ನೀರು ತಂದುಕೊಡುತ್ತಿದ್ದರು. ತಂದೆಯನ್ನು ಕರೆದೊಯ್ದವರು ಕಳಿಸಲಿಲ್ಲ. ಇಷ್ಟು ಹೇಳಿ ತಾಯಿ ಸುಮ್ಮನಾದರು. ಮುಗಿಯಿತು ಎಂದುಕೊಂಡೆವು. ಮುಗಿದಿರಲಿಲ್ಲ. ಅದೇ ವರ್ಷ ನಾಲ್ಕು ತಿಂಗಳ ಹಿಂದೆ ರಜಾಕಾರರು ಬಂದು ಆ ಪಕ್ಕದ ಮನೆಯನ್ನು ಲೂಟಿ ಮಾಡಿದ್ದರಂತೆ. ಆಗ ನಮ್ಮ ತಾತ ಒಳಗಿನಿಂದ ಅಗಳಿ ಹಾಕಿಕೊಂಡು ಕುಳಿತಿದ್ದರು. ಹೊರಗೆ ಹೋಗಿ ಎರಡು ಮಾತು ಆಡಿ ಎಂದು ಅಜ್ಜಿ ಅತ್ತರೂ ಏಳಲಿಲ್ಲ. "ಅವರ ಮನೆಗೆ ಬಾಗಿಲು ಹಾಕಿದ್ದು ನಾವು. ನಮಗೆ ಬಾಗಿಲು ತೆಗೆದದ್ದು ಅವರು. ಇದನ್ನು ಯಾರ ಮುಂದೆ ಹೇಳಲಿ?" ಎಂದರು.

ನಾವು ನಲವತ್ತು ವರ್ಷ ಜನರ ಮೌನಕ್ಕೆ ಕಾರಣ ಹುಡುಕಿದವರು. ಭಯ, ಬಡತನ, ನಾಯಕತ್ವದ ಕೊರತೆ ಎಂದೆಲ್ಲ ಪಟ್ಟಿ ಮಾಡಿದ್ದೆವು. ನಾಚಿಕೆ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ನೊಂದವರ ಎದೆಯಲ್ಲಿ ನೋವಿನ ಜೊತೆಗೆ ಒಂದು ತಪ್ಪಿನ ನೆನಪೂ ಇದ್ದರೆ ಅವರು ಯಾವ ಧರಣಿಗೂ ಬರುವುದಿಲ್ಲ, ಯಾವ ಪ್ರಶ್ನಾವಳಿಗೂ ಸಿಗುವುದಿಲ್ಲ. ಗಡಿ ಶಿಬಿರ ಕಂಡ ಆ ಹಿರಿಯರು ನಮ್ಮ ಮುಂದೆ ಮಾತು ಹೊರಳಿಸುತ್ತಿದ್ದದ್ದು ಸಂಶಯದಿಂದ ಎಂದೇ ನಾವು ತಿಳಿದಿದ್ದೆವು. ಅವರಲ್ಲಿ ಕೆಲವರಿಗೆ ಸೆಪ್ಟೆಂಬರಿನ ನಂತರದ ದಿನಗಳ ನಾಚಿಕೆ ಇದ್ದಿರಬಹುದು ಎಂದು ಈಗ ಅನ್ನಿಸುತ್ತದೆ. ಅವರಾರೂ ಇಂದು ಇಲ್ಲ. ಕೇಳುವ ಕಾಲ ಕೈಬಿಟ್ಟುಹೋಯಿತು.

ತಾಯಿ ಹೇಳಿದ್ದನ್ನು ಮೊಮ್ಮಗಳ ಶಾಲೆ ನೋಟಬುಕ್ಕಿನಲ್ಲಿ ಬರೆದುಕೊಂಡೆವು. ಮರುದಿನ ಬೆಳಿಗ್ಗೆ ಅವರು, "ಬರೆದದ್ದನ್ನು ಓದಿ ಹೇಳು" ಎಂದರು. ಓದಿದೆವು. ಕೊಟ್ಟಿಗೆಯಲ್ಲಿ ಮೂರು ದಿನ ಎಂದಿತ್ತು. "ಮೂರಲ್ಲ, ಐದು" ಎಂದು ತಿದ್ದಿಸಿದರು. ಪಕ್ಕದ ಮನೆಯವರ ಹೆಸರು ಬರೆಯಬೇಡ, ಅವರ ಮಕ್ಕಳಿಗೆ ಇಂದು ತೊಂದರೆಯಾದೀತು ಎಂದರು. ತಮ್ಮ ತಂದೆ ಅಗಳಿ ಹಾಕಿದ್ದನ್ನು ಮಾತ್ರ ಇರಲಿ ಎಂದರು. 2021ರಲ್ಲಿ ಅವರು ತೀರಿಕೊಂಡರು.

'ಓದಿ ಹೇಳು' ಎಂಬ ಮಾತಿನಿಂದ ಜೇವರ್ಗಿಯ ಹೆಣ್ಣುಮಗಳು ನೆನಪಾದಳು. ನಮ್ಮ ಪ್ರಬಂಧ ಇಂಗ್ಲಿಷಿನಲ್ಲಿತ್ತು. ಅದರ ಪ್ರತಿಗಳು ಇದ್ದದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ನಮ್ಮ ಕಪಾಟಿನಲ್ಲಿ. ಯಾರ ಬಗ್ಗೆ ಬರೆದಿದ್ದೆವೋ ಅವರಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ. ಮೂರು ಅಧ್ಯಾಯಗಳನ್ನು ಕನ್ನಡಕ್ಕೆ ತಂದೆವು. ಅನುವಾದ ಮಾಡುವಾಗ ಕೆಲವು ವಾಕ್ಯಗಳಿಗೆ ಕನ್ನಡದಲ್ಲಿ ಅರ್ಥವೇ ಉಳಿಯಲಿಲ್ಲ. ಇಂಗ್ಲಿಷಿನಲ್ಲೂ ಇರಲಿಲ್ಲವೆಂದು ಆಗ ತಿಳಿಯಿತು. ಅವನ್ನು ಕಿತ್ತುಹಾಕಿದೆವು.

2023ರ ಬೇಸಿಗೆಯಲ್ಲಿ ಆ ಹಳ್ಳಿಗೆ ಹೋದೆವು. ಬೇವಿನ ಕಟ್ಟೆಗೆ ಸಿಮೆಂಟು ಬಂದಿತ್ತು. ಅವಳು ಹೋಗಿ ಹತ್ತು ವರ್ಷವಾಯಿತೆಂದರು. ಮನೆಗೆ ಬೀಗ. ಮಗ, ಸೊಸೆ ಪುಣೆಯಲ್ಲಿ. ಕಟ್ಟೆಯ ಮೇಲೆ ಏಳೆಂಟು ಮಂದಿ ಕೂಡಿದರು. ಅವರಲ್ಲಿ ಮೂವರಿಗೆ ನಮ್ಮ ನೆನಪಿತ್ತು. ಕಾಲುವೆ ಹೋರಾಟದ ಅಧ್ಯಾಯವನ್ನು ಓದತೊಡಗಿದೆವು. ಎರಡು ಪುಟ ಆಗಿರಬಹುದು. ಒಬ್ಬ ಅಜ್ಜ ಕೈ ಎತ್ತಿದ.

"ಅಲ್ರಿ ಸಾಹೇಬ್ರ, ಊರೆಲ್ಲಾ ಧರಣಿಗೆ ಹೋಗಿತ್ತು ಅಂತ ಬರದೀರಿ. ನಮ್ಮ ಕೇರಿಯವರು ಹೋಗಿರಲಿಲ್ಲ. ನಮಗ್ಯಾರೂ ಕರೀಲಿಲ್ಲ."

ನಾವು ಓದುವುದನ್ನು ನಿಲ್ಲಿಸಿ ಪೆನ್ನು ತೆಗೆದೆವು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಬಂದಿದ್ದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ನಮ್ಮ ಜೊತೆಗಿದ್ದಳು. ಮೊಬೈಲಿನಲ್ಲಿ ರೆಕಾರ್ಡು ಮಾಡುತ್ತಿದ್ದಳು. ಅವಳು ಮೊಬೈಲನ್ನು ಅಜ್ಜನ ಹತ್ತಿರ ಸರಿಸಿ, "ಯಾಕ ಕರೀಲಿಲ್ಲ, ಅಜ್ಜಾ?" ಎಂದಳು. ಸಂಜೆ ಬಸ್ಸಿನ ತನಕ ಅಜ್ಜ ಹೇಳುತ್ತಲೇ ಇದ್ದ. ನಮ್ಮ ಮೂರು ಅಧ್ಯಾಯಗಳಲ್ಲಿ ಉಳಿದದ್ದನ್ನು ಓದಲು ಹೊತ್ತಾಗಲಿಲ್ಲ.